ವಾಪಸ್ ಬರಬೇಕಾದ ಶ್ರುತಿಪೆಟ್ಟಿಗೆ

ಪುಟ್ಟೇನಹಳ್ಳಿ,
ಏಪ್ರಿಲ್ 3, 2025

ಸಂಗೀತಾ,

ಶರಣು. ‘ಪ್ರೀತಿಯ’ ಅಂತ ಬರೆಯೋಕೆ ಹೊರಟೆ, ಕೈ ಬರಲಿಲ್ಲ. ಸಿಟ್ಟು ಇಳಿದ ಮೇಲೆ ನೋಡೋಣ.

ನಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಆಕ್ಲೆಂಡಿನ ಕಸ್ಟಮ್ಸ್‌ನಲ್ಲಿ ಕೂತಿರೋದು ನನ್ನಿಂದಲೇ ಅಂತ ಮೆಸೇಜಲ್ಲಿ ಬೈದಿದ್ದೀಯ. ಹೌದು ಕಣೇ, ನನ್ನಿಂದಲೇ. ಪೋಸ್ಟಾಫೀಸಿನ ಕೌಂಟರಲ್ಲಿದ್ದ ಹುಡುಗಿ, ಗಿಫ್ಟ್ ಅಂತ ಹಾಕಿ ಮೇಡಂ, ತೊಂದರೆ ಇರಲ್ಲ ಅಂದಳು. ನಾನು ಕೇಳಲಿಲ್ಲ. ಉಡುಗೊರೆಯಲ್ಲ, ಬಳಸಿ ವಾಪಸ್ ಕಳಿಸಬೇಕಾದ್ದು ಅಂತ ಬರೆಸಿದೆ. ವಾಪಸ್ ಹೋಗೋದಾದ್ರೆ ಅದರ ಕಾಗದ ಎಲ್ಲಿ ಅಂತ ಅಲ್ಲಿನವರು ನಿನ್ನನ್ನ ಹಿಡ್ಕೊಂಡಿದ್ದಾರೆ. ಹಿಡ್ಕೊಳ್ಳಲಿ. ಇಬ್ಬರೂ ಸೇರಿ ಕೊಂಡಿದ್ದನ್ನ ನಿನಗೆ ಉಡುಗೊರೆ ಅಂತ ಹೇಗೆ ಕೊಡಲಿ?

ಇಟ್ಟಮಡುವಿನ ಹಬ್ಬದ ಪೆಂಡಾಲಿನಿಂದ ಹಿಡಿದು ಕೋಣನಕುಂಟೆಯ ಗೃಹಪ್ರವೇಶಗಳವರೆಗೆ, ವಚನ ಹಾಡಿಸಬೇಕು ಅಂದ್ರೆ ಜಯಶೀಲಾ-ಸಂಗೀತಾ ಅಂತ ಜೋಡಿಯಾಗೇ ಕರೀತಿದ್ರು. ನೀನು ಮದುವೆಯಾಗಿ ಆಕ್ಲೆಂಡಿಗೆ ಹೋದಾಗ ನಾನು ಅತ್ತಿದ್ದು ನಿಜ, ಹೊಟ್ಟೆ ಮಾತ್ರ ಉರ್ಕೊಳ್ಳಲಿಲ್ಲ. ಈಗ ಬಸವ ಜಯಂತಿಗೆ ಅಲ್ಲಿ ಹಾಡೋಕೆ ಹೊಸ ಜೊತೆಗಾತಿ, ಅರ್ಪಿತ. ಆಗಲಿ ಅಂತಲೇ ನೀನು ಕೇಳಿದ ಪೆಟ್ಟಿಗೆ ರಿಪೇರಿ ಮಾಡಿಸಿದೆ, ಥರ್ಮಾಕೋಲ್ ಇಟ್ಟು ಕಟ್ಟೋಕೆ ಕೂತೆ.

ಅಷ್ಟರಲ್ಲಿ ನಿನ್ನ ವಿಡಿಯೋ ಬಂತು. ಅರ್ಪಿತಳಿಗೆ ಐದೂವರೆ ಶ್ರುತಿ ಎತ್ತರ ಆಗುತ್ತೆ, ಅದಕ್ಕೇ ನಾನು ಐದಕ್ಕೆ ಇಳಿದಿದ್ದೀನಿ, ಹೇಗಿದೆ ಹೇಳು ಅಂತ. ಸಖತ್ತಾಗಿದೆ ತಾಯಿ! ನನಗೂ ಐದೇ ಹಿತ ಅಂತ ಎಷ್ಟು ಸಲ ಬೇಡ್ಕೊಂಡಿಲ್ಲ? ಇಳಿದ್ರೆ ನನ್ನ ದನಿ ಸತ್ತೇ ಹೋಗುತ್ತೆ ಅಂತಿದ್ದೆ ನೀನು. ನಾನು ಬಿಸಿನೀರು ಕುಡ್ಕೊಂಡು, ಗಂಟಲು ಹರ್ಕೊಂಡು ನಿನ್ನ ಐದೂವರೆ ಶ್ರುತಿಗೇ ಹಾಡಿದೆ. ನಿನ್ನೆ ಮೊನ್ನೆ ಬಂದ ಅವಳಿಗೆ ಮಾತ್ರ ಇಳಿದುಬಿಟ್ಟೆ. ಹೊಟ್ಟೆಕಿಚ್ಚೇ ಕಣೇ, ಮುಚ್ಚಿಡೋದೇನು?

ಒಂದು ಡಬ್ಬಕ್ಕೋಸ್ಕರ ಸ್ನೇಹ ಹಾಳು ಮಾಡ್ಕೋಬೇಡ ಅಂತ ನಮ್ಮನೆಯವರು ಹೇಳಿದ್ರು. ಡಬ್ಬ ಅಂತೆ! ಇರಲಿ, ಉಡುಗೊರೆ ಅಂತಲೇ ಬರೆದು ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಕಸ್ಟಮ್ಸ್‌ನವರಿಗೆ ತೋರಿಸಿ ಬಿಡಿಸ್ಕೋ. ಹಬ್ಬಕ್ಕೆ ಚೆನ್ನಾಗಿ ಹಾಡು.

ಇನ್ನೂ ನಿನ್ನವಳೇ ಅಂದ್ಕೊಂಡಿರೋ,
ಜಯಶೀಲಾ

ಮತ್ತೆ ಬರೆದದ್ದು: ಪೆಟ್ಟಿಗೆಯಲ್ಲಿ ಶ್ರುತಿ ಬದಲಾಯಿಸೋ ಗುಂಡಿ ತಿರುಗಲ್ಲ. ಕಸ್ಟಮ್ಸ್‌ನವರು ಕೆಡಿಸಿದ್ರು ಅಂತ ಬೈಬೇಡ. ಪಾರ್ಸಲ್ ಕಟ್ಟೋ ಮೊದಲು ಐದೂವರೆಗಿಟ್ಟು ನಾನೇ ಅಂಟು ಹಾಕಿದ್ದೀನಿ. ನಿನ್ನ ಪಕ್ಕ ಕೂತು ಹಾಡಬೇಕು ಅಂದ್ರೆ ಅವಳೂ ಸ್ವಲ್ಪ ಬಿಸಿನೀರು ಕುಡೀಲಿ.