ಹಳ್ಳದ ಸಾಲಿನ ತೆಂಗು

ಮಲ್ಲಗೊಂಡನಕೆರೆ, ಶೆಟ್ಟಿಕೆರೆ ಹತ್ತಿರ
ಮೇ 11, ಭಾನುವಾರ

ಪ್ರೀತಿಯ ಅಪ್ಪಾಜಿ, ಶರಣು.

ಸೊಂಟದ ನೋವು ಹೇಗಿದೆ? ತುಮಕೂರಿನ ಅಕ್ಕನ ಮನೆಯಲ್ಲಿ ಕೋಲು ಹಿಡಿಯದೆ ಓಡಾಡುತ್ತೀರಂತೆ. ಆಪರೇಷನ್ ಆಗಿ ತಿಂಗಳೂ ಆಗಿಲ್ಲ, ಪೌರುಷ ಬೇಡ. ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ, ಕೂಗಿದರೆ ಜಗಳವಾಡುತ್ತಿದ್ದೇನೆ ಅಂದುಕೊಳ್ಳುತ್ತೀರಿ. ಅದಕ್ಕೇ ಈ ಕಾಗದ.

ಅಟ್ಟದ ಕೊಬ್ಬರಿ ಇಳಿಸಿ ಸುಲಿಸಿದೆವು. ಹೋದ ವರ್ಷಕ್ಕಿಂತಲೂ ಗಿಟುಕು ಸಣ್ಣದು. ತಿಪಟೂರಿನ ಮಂಡಿಯವರು ಕೈಯಲ್ಲಿ ಹಿಡಿದು, "ಏನವ್ವ, ನಿಂಬೆಹಣ್ಣು ತಂದಿದೀಯ?" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಬೋರಿನಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು. ಕೆರೆ ಒಣಗಿರುವಾಗ ಬೋರಿಗೆ ಎಲ್ಲಿಂದ ಬರಬೇಕು? ನಿಮ್ಮ ಚಿಕ್ಕಂದಿನಲ್ಲಿ ಕೆರೆಯ ಕೆಳಗೆಲ್ಲ ಭತ್ತದ ಗದ್ದೆ ಇತ್ತು, ಬೇಸಿಗೆಯಲ್ಲಿ ಊರಿನ ಗಾಡಿಗಳೆಲ್ಲ ಕೆರೆಯ ಗೋಡುಮಣ್ಣು ಹೊತ್ತು ಹೊಲಕ್ಕೆ ಸುರಿಯುತ್ತಿದ್ದವು ಎಂದು ನೀವೇ ಹೇಳುತ್ತಿದ್ದಿರಿ. ಕೊಬ್ಬರಿಗೆ ಬೆಲೆ ಬಂದ ಮೇಲೆ ಗದ್ದೆಗಳು ತೋಟವಾದವು. ಅದೂ ಸಾಲದೆ, ಕೆರೆಗೆ ನೀರು ತರುವ ಹಳ್ಳ ತೇವದ ಜಾಗವೆಂದು ಅಲ್ಲೂ ಬದು ಹಾಕಿ ಸಸಿ ಇಟ್ಟರು. ಎಲ್ಲರೂ ಇಟ್ಟರು, ನೀವೂ ಇಟ್ಟಿರಿ.

ಹೋದ ವಾರ ಮರ ತೆಗೆದು ಹಳ್ಳ ಬಿಡಿಸಬೇಕೆಂದು ಊರು ಸೇರಿತ್ತು. ಮಾತಿಗೇನೂ ಬರವಿರಲಿಲ್ಲ. ಮೊದಲು ಮರ ಕಡಿಸುವವರು ಯಾರು ಎಂದಾಗ ಎಲ್ಲರೂ ನೆಲ ನೋಡಿದರು. ನಮ್ಮ ತೋಟ ಕೆರೆಯ ಬಾಯಲ್ಲೇ ಕೂತಿದೆಯಲ್ಲ, ಮೇಲಿನ ತೋಟದ ಕೆಂಚಪ್ಪಣ್ಣ ನನ್ನ ಕಡೆ ತಿರುಗಿ, "ನಾವು ಬುಡ್ಸುದ್ರೂ ನೀರು ನಿಮ್ ಬದೀನ್ ತಾವೇ ನಿಂತ್ಕತ್ತದೆ ಕಣವ್ವ. ನಿಮ್ಮಪ್ಪಾಜಿ ಒಪ್ಪುದ್ರೆ ನಾನೂ ಕಡುಸ್ತೀನಿ" ಅಂದ.

ಫಲ ಬಿಡುವ ತೆಂಗು ಕಡಿಯುವವರನ್ನು ನಮ್ಮ ಕಡೆ ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ, ಗೊತ್ತು. ಆ ಮರಗಳ ಎಳನೀರು ಕುಡಿದೇ ನಾನೂ ಬೆಳೆದದ್ದು. ಆದರೆ ಮುಂಗಾರಿಗೆ ಮೊದಲು ಹಳ್ಳ ತೆರೆಯಲೇಬೇಕು. ಇಲ್ಲದಿದ್ದರೆ ಉಳಿದ ತೋಟವೂ ನಿಮ್ಮ ಕಣ್ಣೆದುರೇ ಒಣಗುತ್ತದೆ. ಅದನ್ನು ನಾನು ನೋಡಲಾರೆ.

ಅಕ್ಕ, ಭಾವನಿಗೆ ಶರಣು ತಿಳಿಸಿ. ಮಕ್ಕಳಿಗೆ ಚಿಕ್ಕಮ್ಮನ ಮುತ್ತು. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು,
ಇಂಪನಾ

ತಾ.ಕ.: ನಿಮ್ಮನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಆಮೇಲೆ ನನಗೆ ಕೈ ಬರುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಹಳ್ಳದ ಸಾಲನ್ನೆಲ್ಲ ಕಡಿಸಿದೆ. ಅಮ್ಮ ಒಂದೊಂದು ಮರಕ್ಕೂ ವಿಭೂತಿ ಹಚ್ಚಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಧ್ಯಾಹ್ನ ಕೆಂಚಪ್ಪಣ್ಣನೂ ಗರಗಸದವರನ್ನು ತನ್ನ ತೋಟಕ್ಕೆ ಕರೆದುಕೊಂಡು ಹೋದ. ಅಪ್ಪಾಜಿ, ನೀವು ಒಪ್ಪಿದ್ದೀರಿ ಎಂದು ಊರಿಗೆಲ್ಲ ಹೇಳಿದ್ದೇನೆ. ಬಂದ ಮೇಲೆ ಮನೆಯೊಳಗೆ ಎಷ್ಟು ಬೇಕಾದರೂ ಬೈಯಿರಿ. ಬೀದಿಯಲ್ಲಿ ಯಾರಾದರೂ ಕೇಳಿದರೆ ಮಾತ್ರ, ಹೌದು, ನಾನೇ ಕಡಿಸಿದೆ ಅನ್ನಿ.