ಕಿವಿ ಹಿಡಿದು ನೋಡದ ದಿನ

ಅಪ್ಪಾ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಭಾಲ್ಕಿಯ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಿಂದ ನಾನು ಕಳಿಸುತ್ತಿದ್ದ ಪತ್ರಗಳನ್ನು ನೀನು ಕಟ್ಟೆಯ ಮೇಲೆ ಕೂತು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆಯಂತೆ. ಇದನ್ನೂ ಹಾಗೇ ಓದು. ಅವಸರವಿಲ್ಲ.

ನಮ್ಮೂರು ಎಕಂಬಾದಲ್ಲಿ ಬೆಳಿಗ್ಗೆ ಹಟ್ಟಿಯ ಬಾಗಿಲು ತೆಗೆದು, ಹೊರಬರುವ ಪ್ರತಿ ಕುರಿಯ ಕಿವಿಯನ್ನೂ ನೀನು ಒಮ್ಮೆ ಹಿಡಿದು ಬಿಡುತ್ತಿದ್ದೆ. ರಜೆಗೆ ಬಂದ ನಾನು, ಥರ್ಮಾಮೀಟರ್ ತಂದುಕೊಡಲೇ ಎಂದು ಕೇಳಿದ್ದಕ್ಕೆ ನೀನು ನಕ್ಕಿದ್ದೆ. "ಕಿವಿ ಬಿಸಿ ಇದ್ರ ಕುರಿ ಜಡ್ಡಿನ ಕೂಡ ಗುದ್ದಾಡ್ಲತ್ತದ ಅಂತ ತಿಳಿ. ಜಡ್ಡು ಇದ್ದೂ ಕಿವಿ ತಣ್ಣಗದಾವಂದ್ರ, ಆವಾಗ ಹೆದರ್ಬೇಕು ನೋಡು."

ದಮ್ಮು ಹೆಚ್ಚಾಗಿ ನೀನು ಬೀದರಿನ ನಮ್ಮ ಆಸ್ಪತ್ರೆ ಸೇರಿ ಒಂದು ವಾರ ದಾಟಿತ್ತು. ಕೆಳಗಿನ ಲ್ಯಾಬಿನಿಂದ ಮೇಲೆ ಬಂದೆ. ರೋಗಿಗಳ ರಕ್ತದಲ್ಲಿ ಏನು ಬೆಳೆಯುತ್ತಿದೆ ಎಂದು ಹುಡುಕುವುದೇ ನನ್ನ ಕೆಲಸ. ಆದರೂ ನಾನು ನೋಡಿದ್ದು ನಿನ್ನ ಚಾರ್ಟನ್ನು.

"ಜ್ವರ ಇಲ್ಲಪ್ಪಾ. ಇನ್ನೆರಡು ದಿನದಾಗ ಮನಿಗಿ."

"ಡಾಕ್ಟರ್ ಬಾಯಿ, ಹುಷಾರಾಗಿದ್ದು ನಿನ್ನ ಕಾಗದಕ್ಕ. ನನಗಲ್ಲ. ಕಿವಿ ಹಿಡದು ನೋಡು."

ಡಾಕ್ಟರಮ್ಮ ಎನ್ನುವ ಬದಲು ನೀನು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ನಾನು ನಕ್ಕೆ. ನಿನ್ನ ಶಾಲು ಸರಿಮಾಡಿದೆ. ಕೈ ಅಲ್ಲೇ ಇತ್ತು, ಕಿವಿಯ ಪಕ್ಕದಲ್ಲೇ...

ಆಗಲೇ ನಿನ್ನ ರಕ್ತಕ್ಕೆ ಫಂಗಸ್ ಸೇರಿತ್ತು. ದಮ್ಮಿಗೆಂದು ಕೊಟ್ಟ ಸ್ಟಿರಾಯ್ಡ್ ಬೇಕಾದದ್ದೇ. ಆದರೆ ಅದು, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೂ ಮಂಕಾಗಿಸುತ್ತದೆ. ಹಟ್ಟಿಯ ನಾಯಿಗೆ ಮಂಪರು ಹತ್ತಿದ ಹಾಗೆ. ತೋಳ ಒಳಗೆ ಬಂದರೂ ಬೊಗಳಲಿಲ್ಲ. ಆ ಮೌನವನ್ನು ನಾನು ಆರೋಗ್ಯ ಅಂದುಕೊಂಡೆ. ಸ್ಟಿರಾಯ್ಡ್ ಜ್ವರವನ್ನೂ ಮುಚ್ಚಿಡುತ್ತದೆ ಎಂಬುದು ನಾನೇ ಇಂಗ್ಲಿಷಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದ ಪಾಠ. ನಿನಗೆ ಮತ್ತೆ ಹೆಚ್ಚಾಯಿತು, ಮನೆಗೆ ಹೋಗಲಾಗಲಿಲ್ಲ. ನಾಲ್ಕು ದಿನದ ಮೇಲೆ ತೆಗೆದ ರಕ್ತದಲ್ಲಿ ಫಂಗಸ್ ಬೆಳೆದಾಗ, ಮೊದಲು ಕಂಡವಳೂ ನಾನೇ. ಔಷಧಿ ಶುರುವಾಯಿತು. ಆದರೆ...

ಅವತ್ತೇ ರಕ್ತ ತೆಗೆಸಿದ್ದರೆ ನೀನು ಉಳಿಯುತ್ತಿದ್ದೆಯಾ? ನನಗೆ ತಿಳಿಯದು. ಉಳಿಯುತ್ತಿರಲಿಲ್ಲ ಎಂದು ಹೇಳಿಕೊಂಡು ಸಮಾಧಾನಪಡುವ ಹಕ್ಕು ನನಗಿದೆಯೇ? ನಮ್ಮೂರ ಕಡೆಯಿಂದ ಬರುವ ಔರಾದ್ ಬಸ್ಸು ಕಂಡರೆ ಈಗಲೂ ಕಿಟಕಿಗಳನ್ನೆಲ್ಲ ನೋಡುತ್ತೇನೆ. ಕಂಬಳಿ ಹೆಗಲಿಗೆ ಹಾಕಿಕೊಂಡವರು ಯಾರಾದರೂ ಇಳಿಯುವವರೆಗೂ ನಿಲ್ಲುತ್ತೇನೆ.

ನೀನು ಕೇಳದ ಒಂದು ಸುದ್ದಿ ಇದೆ. ನೀನು ಹೋದಮೇಲೆ, ದಿನಾ ಬೆಳಿಗ್ಗೆ ಲ್ಯಾಬಿಗೆ ಹೋಗುವ ಮೊದಲು ವಾರ್ಡಿಗೆ ಹೋಗುತ್ತೇನೆ. ಕಳೆದ ತಿಂಗಳು ಭಾಲ್ಕಿ ಕಡೆಯ ಒಬ್ಬ ಹಿರಿಯರಿದ್ದರು. ನಿನ್ನದೇ ದಮ್ಮು, ನಿನ್ನದೇ ಔಷಧಿ, ಜ್ವರವಿಲ್ಲದ ಚಾರ್ಟು. ಅವರ ಹೆಂಡತಿ ನನ್ನನ್ನು ತಡೆದರು.

"ಬಾಯಾರ, ಎಲ್ಲಾರೂ ಚಲೋ ಅದಾರ ಅಂತಾರ್ರಿ. ಆದ್ರ ನಿನ್ನಿ ಮುಂಜಾನಿಂದ ಚಹಾ ಬೇಕಂತ ಜಗಳ ತಗದಿಲ್ರಿ ಇವ್ರು. ನನಗ್ಯಾಕೋ ಸರಿ ಕಾಣವಲ್ದು."

ಆ ಹಿರಿಯರ ಕಿವಿ ಹಿಡಿದೆ. ತಣ್ಣಗಿತ್ತು. ವಾರ್ಡಿನ ಡಾಕ್ಟರಿಗೆ ಹೇಳಿ ಆಗಲೇ ರಕ್ತ ತೆಗೆಸಿದೆ. ಬೆಳೆದದ್ದು ಅದೇ ಫಂಗಸ್. ಔಷಧಿಗೆ ಈ ಸಲ ತಡವಾಗಲಿಲ್ಲ.

ನಿನ್ನೆ ಅವರು ಮನೆಗೆ ಹೊರಟರು. ಗಾಲಿಕುರ್ಚಿಯಲ್ಲಿ ಕೂತು, ಚಹಾಕ್ಕೆ ಸಕ್ಕರೆ ಹಾಕಿಲ್ಲವೆಂದು ಹೆಂಡತಿಯೊಡನೆ ಜಗಳ. ಬಾಗಿಲಲ್ಲಿ ಅಡ್ಡ ನಿಂತು ಮತ್ತೆ ಕಿವಿ ಹಿಡಿದೆ.

"ಯಾಕ್ರಿ ಬಾಯಾರ, ನಾ ಏನ್ ತಪ್ಪ್ ಮಾಡೀನ್ರಿ?"

ಬೆಚ್ಚಗಿತ್ತು, ಅಪ್ಪಾ.

ನಿನ್ನ ಡಾಕ್ಟರ್ ಬಾಯಿ