ಅಮ್ಮನಿಗೆ ಕಾಣುವುದು

ಅಪ್ಪನಿಗೆ,

ಶಾಲೆ ಬಿಟ್ಟವಳ ಮಾತು ಕೇಳಬೇಕಾ ಎಂದು ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಶುಕ್ರವಾರ ಊರಿಗೆ ಬಂದಾಗ ಅಮ್ಮನನ್ನು ಹುಚ್ಚಾಸ್ಪತ್ರೆಗೆ ಸೇರಿಸಬೇಡಿ.

ನೋಟದ ಬಗ್ಗೆ ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ ಕಣ್ಣಿಗೆ ಮೋಸ ಮಾಡುವ ಚಿತ್ರಗಳನ್ನು ನೋಡಿ ಉತ್ತರ ಹೇಳುವುದು. ಒಂದು ಚಿತ್ರದಲ್ಲಿ ಎರಡು ಗೆರೆಗಳಿವೆ. ಸ್ಕೇಲಿಟ್ಟು ನಾನೇ ಅಳೆದಿದ್ದೇನೆ, ಎರಡೂ ಸಮ. ಆದರೂ ಒಂದು ಉದ್ದವಾಗಿಯೇ ಕಾಣುತ್ತದೆ. ಮೊದಲ ದಿನ ಜಾಣೆಯ ಹಾಗೆ "ಸಮ" ಎಂದೆ. ಅಲ್ಲಿನ ಮೇಡಂ ನಕ್ಕರು. "ಗೊತ್ತಿರೋದನ್ನ ಯಾರು ಕೇಳಿದ್ರು ತಾಯಿ? ಕಾಣೋದನ್ನ ಹೇಳು."

ದೃಷ್ಟಿ ಮಂದವಾದ ಮೇಲೆ ಅಮ್ಮನಿಗೆ ನನ್ನ ತಮ್ಮ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಿರುವುದು ಕಾಣುತ್ತದೆ. ಅವನು ಸತ್ತು ವರ್ಷವಾಯಿತೆಂದು ನೀವು ಗದರುತ್ತೀರಿ. ನಿನ್ನೆ ನಾನು, "ಈಗ ಏನು ಕಾಣ್ತಿದೆಯಮ್ಮಾ?" ಎಂದೆ.

"ಶೂ ಲೇಸ್ ಕಟ್ಕೋತಿದ್ದಾನೆ. ಅವನಿಲ್ಲ ಅಂತ ನಂಗೆ ಗೊತ್ತಿಲ್ವೇನೇ? ಕೊನೇ ಸಲ ಅವನಿಗೆ ಶರ್ಟ್ ಹಾಕಿದ್ದು ನಾನೇ ಅಲ್ವಾ."

ಕಣ್ಣು ಚಿತ್ರ ಕಳಿಸದೆ ಬಿಟ್ಟ ಜಾಗವನ್ನು ಕೆಲವರಲ್ಲಿ ಮೆದುಳೇ ತುಂಬಿಕೊಳ್ಳುತ್ತದಂತೆ, ಅದು ಹುಚ್ಚಲ್ಲವಂತೆ. ಮೇಡಂ ಒಬ್ಬ ಕಣ್ಣಿನ ಡಾಕ್ಟರ ಹೆಸರು ಕೊಟ್ಟಿದ್ದಾರೆ. ಶನಿವಾರ ಅಲ್ಲಿಗೆ ಹೋಗೋಣ, ನೀವೂ ಬನ್ನಿ.

ಇದನ್ನೂ ಹೇಳಿಬಿಡುತ್ತೇನೆ. ನನಗೆ ಕಿಟಕಿಯ ಬಳಿ ಕಾಣುವುದು ಖಾಲಿ ಕುರ್ಚಿ ಮಾತ್ರ. ಎಷ್ಟು ದಿಟ್ಟಿಸಿದರೂ ಅಷ್ಟೇ.

ಡಾಕ್ಟರ ವಿಷಯ ತಿಳಿಸಿದಾಗ ಅಮ್ಮ ಒಂದೇ ಮಾತು ಕೇಳಿದಳು. "ಅವನು ಕಾಣದ ಹಾಗೆ ಮಾಡ್ಬಿಡ್ತಾರೇನೇ?" ಗೊತ್ತಿಲ್ಲ ಎಂದೆ. ಆಗಿನಿಂದ ಅವಳು ಕಿಟಕಿಯ ಕಡೆಯಿಂದ ಮುಖ ತಿರುಗಿಸುತ್ತಿಲ್ಲ, ಊಟಕ್ಕೂ ಏಳುತ್ತಿಲ್ಲ. ನೀವು ಬಂದ ತಕ್ಷಣ ಏನೂ ಹೇಳಬೇಡಿ ಅಪ್ಪಾ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.

ನಿಮ್ಮ ತಲೆಹರಟೆ ಮಗಳು